ಪ್ರಸಂಗ ಕೇಳುವವರ ಧರ್ಮ: ಪ್ಯೂರಿಟನ್ನರ ಶ್ರವಣಗ್ರಂಥಗಳನ್ನು ಕುರಿತು

ಕ್ರೈಸ್ತಸಭೆಯ ಇತಿಹಾಸವನ್ನು ಬರೆದವರಲ್ಲಿ ಬಹುಮಂದಿ ಉಪದೇಶಕರ ಇತಿಹಾಸವನ್ನೇ ಬರೆದಿದ್ದಾರೆ. ಕ್ರಿಸೊಸ್ತೊಮನ ವಾಗ್ವೈಭವ, ಅಗಸ್ಟೀನನ ಸೂಕ್ಷ್ಮತೆ, ಲೂಥರನ ಕೆಚ್ಚು ಇವುಗಳ ವರ್ಣನೆಗೆ ಕೊರತೆಯಿಲ್ಲ. ಆದರೆ ಪ್ರಸಂಗಪೀಠದ ಕೆಳಗಿದ್ದವರು ಏನು ಮಾಡಿದರು, ಅವರು ಏನು ಮಾಡಬೇಕೆಂದು ಸಭೆ ಬಯಸಿತು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಅದರಲ್ಲಿ ಹತ್ತನೆಯ ಒಂದು ಪಾಲೂ ಅಲ್ಲ. ಇದು ಸಣ್ಣ ಲೋಪವಲ್ಲ. ನಾವು ಇಂದು ಓದುವ ಹಳೆಯ ಪ್ರಸಂಗಗಳಲ್ಲಿ ಅನೇಕವು ಕೇಳುಗರ ಲೇಖನಿಯಿಂದಲೇ ಉಳಿದು ಬಂದವು. ಕಾಲ್ವಿನನು ಜಿನೀವಾದಲ್ಲಿ ಬರಹದ ಪ್ರತಿಯನ್ನಿಟ್ಟುಕೊಳ್ಳದೆ ಮಾತನಾಡುತ್ತಿದ್ದನು. ಫ್ರಾನ್ಸಿನಿಂದ ಆಶ್ರಯ ಬೇಡಿ ಬಂದಿದ್ದ ದೆನಿ ರಾಗನಿಯೇ ಎಂಬಾತನು 1549ರಿಂದ ಮುಂದಕ್ಕೆ ಅವುಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳದಿದ್ದರೆ ಅವುಗಳ ಬಹುಭಾಗ ಗಾಳಿಗೆ ಹೋಗುತ್ತಿತ್ತು.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಹದಿನೇಳನೆಯ ಶತಮಾನದ ಮೊದಲ ಅರ್ಧದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಒಂದು ವಿಶಿಷ್ಟ ಸಾಹಿತ್ಯವನ್ನು. ಪ್ರಸಂಗವನ್ನು ಹೇಗೆ ಮಾಡಬೇಕೆಂದು ತಿಳಿಸುವ ಗ್ರಂಥಗಳು ಅದಕ್ಕೆ ಹಿಂದೆಯೂ ಇದ್ದುವು. ವಿಲಿಯಂ ಪರ್ಕಿನ್ಸನು 1592ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹೊರತಂದ ಕೈಪಿಡಿ ಅವುಗಳಲ್ಲಿ ಪ್ರಸಿದ್ಧವಾದುದು. ಪ್ರಸಂಗವನ್ನು ಹೇಗೆ ಕೇಳಬೇಕೆಂದು ಸಾಮಾನ್ಯ ಕ್ರೈಸ್ತನಿಗೆ ಕಲಿಸುವ ಗ್ರಂಥಗಳನ್ನು ಒಂದು ಸಾಹಿತ್ಯಪ್ರಕಾರವೆನ್ನುವಷ್ಟು ಬೆಳೆಸಿದವರಾದರೋ ಪ್ಯೂರಿಟನ್ನರು. ಈ ಗ್ರಂಥಗಳ ಗುಣವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ಆದರೆ ಅವುಗಳ ನಡುವಿನಲ್ಲಿಯೇ ಒಂದು ಬಿರುಕಿದೆ. ಕೇಳುಗನು ವಿಧೇಯನಾಗಿರಬೇಕೆಂದೂ ಪರೀಕ್ಷಕನಾಗಿರಬೇಕೆಂದೂ ಅವು ಒಂದೇ ಉಸಿರಿನಲ್ಲಿ ಹೇಳುತ್ತವೆ; ಪರೀಕ್ಷಿಸಿದವನು ತನ್ನ ತೀರ್ಪನ್ನು ಎಲ್ಲಿ ಹೇಳಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ. 1637ರಲ್ಲಿ ಅಮೆರಿಕದ ಬಾಸ್ಟನ್ ಪಟ್ಟಣದಲ್ಲಿ ಈ ಬಿರುಕು ಬಾಯ್ದೆರೆದದ್ದನ್ನು ಮುಂದೆ ನೋಡೋಣ.

ಮೊದಲು ಮೂಲದ ಕಡೆಗೆ. ಹೊಸ ಒಡಂಬಡಿಕೆಯಲ್ಲಿಯೇ ಈ ಎರಡು ಎಳೆಗಳೂ ಇವೆ. ಬಿತ್ತುವವನ ಸಾಮ್ಯದಲ್ಲಿ ಬೀಜ ಒಂದೇ, ನೆಲ ನಾಲ್ಕು ಬಗೆ. ಬೆಳೆ ಬಾರದಿದ್ದರೆ ತಪ್ಪು ನೆಲದ್ದು, ಎಂದರೆ ಕೇಳುಗನದು. ಆ ಸಾಮ್ಯದ ಬೆನ್ನಿಗೇ, ಹೇಗೆ ಕೇಳುತ್ತೀರೆಂಬುದರ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ಯೇಸು ಶಿಷ್ಯರಿಗೆ ಹೇಳಿದನೆಂದು ಲೂಕನು ಬರೆಯುತ್ತಾನೆ. ಅದೇ ಲೂಕನು ಅಪೊಸ್ತಲರ ಕೃತ್ಯಗಳಲ್ಲಿ ಬೆರೋಯದ ಜನರನ್ನು ಹೊಗಳುವಾಗ ಮಾತಿನ ದಿಕ್ಕೇ ಬೇರೆ. ಪೌಲನು ಹೇಳಿದ್ದು ನಿಜವೋ ಅಲ್ಲವೋ ಎಂದು ಅವರು ದಿನದಿನವೂ ಶಾಸ್ತ್ರಗ್ರಂಥಗಳನ್ನು ಶೋಧಿಸಿ ನೋಡಿದರು; ಅದೇ ಅವರ ದೊಡ್ಡಗುಣವೆಂದು ಗಣಿಸಲಾಗಿದೆ. ಅಪೊಸ್ತಲನ ಮಾತನ್ನೇ ಒರೆಗೆ ಹಚ್ಚಬಹುದಾದರೆ ಮಿಕ್ಕ ಉಪದೇಶಕರ ಪಾಡೇನು! (ಅದೇ ಗ್ರಂಥದಲ್ಲಿ ತ್ರೋವ ಪಟ್ಟಣದ ಯೂತಿಖನ ಕಥೆಯೂ ಇದೆ. ಪೌಲನ ಮಾತು ಮಧ್ಯರಾತ್ರಿಯವರೆಗೆ ಬೆಳೆಯಲು ಆ ಯುವಕನು ಕಿಟಕಿಯಲ್ಲಿ ಕುಳಿತಂತೆಯೇ ನಿದ್ರೆಹೋಗಿ ಮೂರನೆಯ ಅಂತಸ್ತಿನಿಂದ ಕೆಳಕ್ಕೆ ಬಿದ್ದನು. ಮುಂದಿನ ಶತಮಾನಗಳ ಉಪದೇಶಕರು ಇದನ್ನು ತೂಕಡಿಸುವ ಕೇಳುಗರಿಗೆ ಎಚ್ಚರಿಕೆಯೆಂದು ಬಳಸಿಕೊಂಡರು. ದೀರ್ಘವಾಗಿ ಮಾತನಾಡುವವರಿಗೂ ಅದರಲ್ಲಿ ಪಾಠವಿದೆಯೆಂದು ನಮಗೆ ತೋರುತ್ತದೆ.)

ನಾಲ್ಕು ಐದನೆಯ ಶತಮಾನಗಳಲ್ಲಿ ಸಮಸ್ಯೆಯ ರೂಪ ಬೇರೆಯಾಗಿತ್ತು. ಗ್ರೀಕರ ವಾಗ್ಮಿಗಳಿಗೆ ಸಲ್ಲುತ್ತಿದ್ದ ಚಪ್ಪಾಳೆ ದೇವಾಲಯದೊಳಕ್ಕೂ ನುಗ್ಗಿತ್ತು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಕ್ರಿಸೊಸ್ತೊಮನು ಅಪೊಸ್ತಲರ ಕೃತ್ಯಗಳ ಮೇಲೆ ಮಾಡಿದ ಪ್ರಸಂಗವೊಂದರಲ್ಲಿ, ಇನ್ನು ಮುಂದೆ ಯಾರೂ ಚಪ್ಪಾಳೆ ತಟ್ಟಬಾರದೆಂಬ ನಿಯಮವನ್ನು ವಿಧಿಸಹೋದರೆ ಅದಕ್ಕೂ ಚಪ್ಪಾಳೆಯೇ ಬಿತ್ತು. ಉತ್ತರ ಆಫ್ರಿಕದ ಅಗಸ್ಟೀನನು ಸುಮಾರು 400ರಲ್ಲಿ, ಹೊಸಬರಿಗೆ ಉಪದೇಶಿಸುವ ಬಗೆಯನ್ನು ಕುರಿತು ಕಾರ್ಥೇಜಿನ ದೇವೊಗ್ರಾತಿಯಾಸನಿಗೆ ಬರೆದುಕೊಟ್ಟ ಪುಸ್ತಕದಲ್ಲಿ, ನಿಂತು ಕೇಳಿ ದಣಿದವನಿಗೆ ಕುಳಿತುಕೊಳ್ಳಲು ಪೀಠ ಕೊಡುವುದು ಲೇಸೆಂದೂ ಸಮುದ್ರದಾಚೆಯ ಕೆಲವು ಸಭೆಗಳಲ್ಲಿ ಜನ ಕುಳಿತೇ ಕೇಳುವರೆಂದೂ ಹೇಳುತ್ತಾನೆ. ಕೇಳುಗನ ಕಾಲುನೋವನ್ನು ಗಮನಿಸಿದ ಉಪದೇಶಕರು ವಿರಳ. ಈ ಒಂದು ವಾಕ್ಯಕ್ಕಾಗಿಯೇ ಆ ಪುಸ್ತಕ ನಮಗೆ ಪ್ರಿಯವಾಗಿದೆ.

ಇನ್ನು ಇಂಗ್ಲೆಂಡು. ಅಲ್ಲಿ ಮತಸುಧಾರಣೆಯ ಅನಂತರ ಪ್ರಸಂಗವು ರಾಜಕೀಯದ ವಸ್ತುವಾಯಿತು. ಪಾದ್ರಿಗಳು ಒಂದೆಡೆ ಸೇರಿ ಒಂದೇ ವಚನದ ಮೇಲೆ ಒಬ್ಬರಾದಮೇಲೊಬ್ಬರು ಮಾತನಾಡುವ ಸಭೆಗಳು ಎಲಿಜಬೆತ್ ರಾಣಿಗೆ ಸಹಿಸಲಿಲ್ಲ. ಪಾಮರರೂ ಅಲ್ಲಿ ನೆರೆದು ಕೇಳುತ್ತಿದ್ದುದೇ ಆಕೆಯ ಅಂಜಿಕೆಗೆ ಕಾರಣ. ಅವುಗಳನ್ನು ನಿಲ್ಲಿಸಬೇಕೆಂದೂ, ಒಂದೊಂದು ಪ್ರಾಂತಕ್ಕೆ ಮೂವರು ನಾಲ್ವರು ಉಪದೇಶಕರಿದ್ದರೆ ಸಾಕೆಂದೂ ಆಕೆ ತಿಳಿಸಿದಾಗ ಆರ್ಚ್‌ಬಿಷಪ್ ಗ್ರಿಂಡಲನು 1576ರ ಡಿಸೆಂಬರಿನಲ್ಲಿ ಪತ್ರ ಬರೆದು ನಿರಾಕರಿಸಿದನು. ಮರುವರ್ಷ ಅಧಿಕಾರದಿಂದ ದೂರವಾದನು. ಹೀಗೆ ಅಪರೂಪದ ಪದಾರ್ಥವಾದ ಪ್ರಸಂಗಕ್ಕೆ ಜನ ಹಸಿದರು. ತಮ್ಮ ಊರಿನ ಪಾದ್ರಿ ಮಾತನಾಡಲಾರದವನಾದರೆ ಭಾನುವಾರ ನೆರೆಯೂರಿಗೆ ನಡೆದುಹೋಗಿ ಕೇಳಿಬರುವುದು ವಾಡಿಕೆಯಾಯಿತು. ಪ್ರಸಂಗಪೀಠದ ಮಗ್ಗುಲಲ್ಲಿ ಮರಳುಗಡಿಯಾರವನ್ನಿಡುತ್ತಿದ್ದರು. ಅದು ಒಮ್ಮೆ ಬರಿದಾಗಲು ಒಂದು ಗಂಟೆ.

ಇಂಥ ಜನಕ್ಕಾಗಿ ಬರೆದವು ಈ ಶ್ರವಣಗ್ರಂಥಗಳು. ವಿಲಿಯಂ ಹ್ಯಾರಿಸನ್ನನು ಲ್ಯಾಂಕಷೈರಿನ ಹೈಟನ್ನಿನಲ್ಲಿ ಬಿತ್ತುವವನ ಸಾಮ್ಯದ ಮೇಲೆ ಮಾಡಿದ ಪ್ರಸಂಗಗಳು 1614ರಲ್ಲಿ ಅಚ್ಚಾದವು. ಕೇಳುಗರಲ್ಲಿರುವ ಭೇದಗಳೇ ಅದರ ವಸ್ತು. ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸಿನಲ್ಲಿ ಉಪದೇಶಕನಾಗಿದ್ದ ಸ್ಟೀಫನ್ ಎಗರ್ಟನ್ನನ ಗ್ರಂಥ 1623ರಲ್ಲಿ ಹೊರಬಂದಿತು. ‘ಕಿವಿ ಚುಚ್ಚುವುದು’ ಎಂದು ಅದರ ಹೆಸರು. ಒಡೆಯನನ್ನು ಬಿಟ್ಟುಹೋಗಲು ಇಷ್ಟಪಡದ ದಾಸನ ಕಿವಿಯನ್ನು ಬಾಗಿಲಿಗೆ ಒತ್ತಿ ಸಲಾಕೆಯಿಂದ ಚುಚ್ಚುವ ಹಳೆಯ ಇಸ್ರಾಯೇಲ್ಯರ ವಿಧಿಯನ್ನು ಈ ಹೆಸರು ನೆನಪಿಗೆ ತರುತ್ತದೆ. ಸಂವಾದರೂಪದಲ್ಲಿರುವ ಈ ಪುಸ್ತಕದ ವಿಭಾಗಗಳು ಮೂರು: ಕೇಳುವುದಕ್ಕೆ ಮುಂಚಿನ ಸಿದ್ಧತೆ, ಕೇಳುವಾಗಿನ ನಡತೆ, ಕೇಳಿದಮೇಲಿನ ಅಭ್ಯಾಸ. ಕೊನೆಗೆ ವೆಸ್ಟ್‌ಮಿನ್‌ಸ್ಟರ್ ವಿದ್ವತ್ಸಭೆಯು 1647ರಲ್ಲಿ ಮುಗಿಸಿದ ದೊಡ್ಡ ಪ್ರಶ್ನೋತ್ತರಮಾಲೆಯಲ್ಲಿ, 160ನೆಯ ಪ್ರಶ್ನೆಗೆ ಉತ್ತರವಾಗಿ, ಈ ಬೋಧೆಯೆಲ್ಲ ಒಂದೇ ವಾಕ್ಯಕ್ಕೆ ಇಳಿದು ಶಾಸನದ ರೂಪವನ್ನು ತಾಳಿತು.

ಅವರು ಹೇಳುವುದರಲ್ಲಿ ಬಹುಪಾಲು ಅನುಭವದಿಂದ ಬಂದ ವಿವೇಕ. ಪ್ರಸಂಗಕ್ಕೆ ಹೋಗುವವನು ಮೊದಲೇ ಮನಸ್ಸನ್ನು ಲೌಕಿಕ ವ್ಯವಹಾರದಿಂದ ಬಿಡಿಸಿಕೊಂಡು ಪ್ರಾರ್ಥಿಸಿ ಸಿದ್ಧನಾಗಬೇಕು. ಕೇಳುವಾಗ ನಿದ್ರೆಮಾಡಬಾರದು, ಅತ್ತಿತ್ತ ನೋಡಬಾರದು. ಉಪದೇಶಕನು ಹೆಸರಿಸಿದ ವಚನವನ್ನು ತನ್ನ ಸತ್ಯವೇದದಲ್ಲಿ ತೆರೆದು ನೋಡಬೇಕು. ಮಾತಿನ ಸೊಗಸಿಗೆ ಮರುಳಾಗಬಾರದು, ಸೊಗಸಿಲ್ಲವೆಂದು ಹಳಿಯಲೂಬಾರದು. ಖಂಡನೆಯ ಮಾತು ಬಂದಾಗ ಅದು ನೆರೆಯವನಿಗೆ ಒಪ್ಪುತ್ತದೆಂದು ಯೋಚಿಸದೆ ತನಗೇ ಹಚ್ಚಿಕೊಳ್ಳಬೇಕು. ಮನೆಗೆ ಬಂದಮೇಲೆ ಯಜಮಾನನು ಹೆಂಡಿರು ಮಕ್ಕಳು ಆಳುಗಳನ್ನು ಕೂರಿಸಿಕೊಂಡು ಪ್ರಸಂಗವನ್ನು ಮತ್ತೆ ಹೇಳಿಸಬೇಕು. ಯಾರು ಎಷ್ಟು ನೆನಪಿಟ್ಟರೆಂದು ಕೇಳಬೇಕು. ನಮ್ಮ ವೇದಾಂತಿಗಳ ಶ್ರವಣ ಮನನಗಳನ್ನು ಬಲ್ಲ ಓದುಗರಿಗೆ ಈ ಕ್ರಮ ಅಪರಿಚಿತವೆನಿಸದು. ಪ್ಯೂರಿಟನ್ನರಲ್ಲಿ ಮನನವು ಕುಟುಂಬದ ಕೆಲಸವಾಯಿತೆಂಬುದು ವಿಶೇಷ. ಈ ಉಪದೇಶವನ್ನು ಎಲ್ಲರೂ ಪಾಲಿಸಿದರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಸ್ಯಾಮ್ಯುಯಲ್ ಪೀಪ್ಸನ ದಿನಚರಿಯನ್ನು ತೆರೆದರೆ, ಆತನು ಪ್ರಸಂಗದ ವೇಳೆ ನಿದ್ರಿಸಿದ ಭಾನುವಾರಗಳು ಎಷ್ಟೋ. 1667ನೆಯ ಮೇ 26ರಂದು ವೆಸ್ಟ್‌ಮಿನ್‌ಸ್ಟರಿನ ಸೇಂಟ್ ಮಾರ್ಗರೆಟ್ ದೇವಾಲಯದಲ್ಲಿ ದುರ್ಬೀನನ್ನು ಹಿಡಿದು ಸುಂದರಿಯರನ್ನು ನೋಡುತ್ತ ಕಾಲ ಕಳೆದುದನ್ನೂ ಆತನೇ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ.

ಪೀಪ್ಸನು ಆ ದಿನಚರಿಗೆ ಬಳಸಿದ ಶೀಘ್ರಲಿಪಿ ಥಾಮಸ್ ಶೆಲ್ಟನ್ನನದು. ಟಿಮೊಥಿ ಬ್ರೈಟನ ಪದ್ಧತಿ 1588ರಲ್ಲಿಯೂ ಜಾನ್ ವಿಲ್ಲಿಸನದು 1602ರಲ್ಲಿಯೂ ಶೆಲ್ಟನ್ನನದು 1626ರಲ್ಲಿಯೂ ಪ್ರಕಟವಾದವು. ಅವು ಇಷ್ಟು ಬೇಗಬೇಗನೆ ಹರಡುವುದಕ್ಕೆ ಪ್ರಸಂಗವನ್ನು ಬರೆದುಕೊಳ್ಳುವ ಆಸೆಯೇ ಒಂದು ಮುಖ್ಯ ಕಾರಣವಾಯಿತು. ಇದರಿಂದ ಉಪದೇಶಕರಿಗೆ ಸಂತೋಷದ ಜೊತೆಗೆ ತೊಂದರೆಯೂ ಉಂಟಾಯಿತು. 1591ರಲ್ಲಿ ತೀರಿಕೊಂಡ ಹೆನ್ರಿ ಸ್ಮಿತ್ ಎಂಬ ಜನಪ್ರಿಯ ಉಪದೇಶಕನ ಪ್ರಸಂಗಗಳನ್ನು ಕೇಳುಗರ ಟಿಪ್ಪಣಿಗಳಿಂದಲೇ ಅಚ್ಚುಹಾಕಿ ಮಾರಿದರು. ತನ್ನ ಮಾತನ್ನು ತಾನೇ ತಿದ್ದಿ ಪ್ರಕಟಿಸಬೇಕಾದ ಗತಿ ಆತನಿಗೆ ಬಂದಿತು. ಒಂದು ಸಲ ಆಡಿ ಮುಗಿಸಿದ ಮಾತು ಕೇಳುಗನ ಕೈಯಲ್ಲಿ ದಾಖಲೆಯಾಗಿ ಉಳಿಯತೊಡಗಿದ್ದು ಪೀಠಕ್ಕೂ ಸಭೆಗೂ ಇದ್ದ ಸಂಬಂಧವನ್ನು ಮೆಲ್ಲಗೆ ಬದಲಾಯಿಸಿತೆಂಬುದು ನಮ್ಮ ಅಭಿಪ್ರಾಯ.

ಈಗ ವಿಮರ್ಶೆಯ ತಿರುಳಿಗೆ ಬರಬಹುದು. ಪ್ರಶ್ನೋತ್ತರಮಾಲೆಯ ವಾಕ್ಯದಲ್ಲಿ ಕ್ರಿಯೆಗಳ ಕ್ರಮವನ್ನು ಗಮನಿಸಬೇಕು. ಕೇಳುಗನು ಶ್ರದ್ಧೆಯಿಂದ ಬಂದು ಕೇಳಿದ್ದನ್ನು ಶಾಸ್ತ್ರದಿಂದ ಪರೀಕ್ಷಿಸಬೇಕು. ಸತ್ಯವನ್ನು ದೇವರ ವಾಕ್ಯವೆಂದೇ ನಂಬಿಕೆ ಪ್ರೀತಿ ಸೌಮ್ಯತೆಗಳಿಂದ ಅಂಗೀಕರಿಸಬೇಕು. ಅದನ್ನು ಧ್ಯಾನಿಸಿ, ಪರಸ್ಪರ ಮಾತನಾಡಿಕೊಂಡು, ಹೃದಯದಲ್ಲಿಟ್ಟು, ಬಾಳಿನಲ್ಲಿ ಫಲ ಕೊಡಬೇಕು. ಬೆರೋಯದವರ ಪರೀಕ್ಷೆ ಇಲ್ಲಿ ಅಂಗೀಕಾರಕ್ಕೆ ಮೊದಲೇ ಬಂದಿದೆ. ಇದು ಸಾಮಾನ್ಯ ಧೈರ್ಯವಲ್ಲ. ಓದು ಬಲ್ಲ ಚಮ್ಮಾರನೂ ಕೇಂಬ್ರಿಜ್ಜಿನ ಪದವೀಧರನ ಮಾತನ್ನು ತೂಗಿ ನೋಡಬಹುದೆಂದು ಒಪ್ಪಿದಂತಾಯಿತು. ಆದರೆ ತೂಗಿದಮೇಲೆ ಮಾತು ಹಗುರವೆಂದು ಕಂಡರೆ? ವಾಕ್ಯ ಅಲ್ಲಿ ಮೌನವಾಗಿದೆ. ಸತ್ಯವು ದೊರೆತೇ ದೊರೆಯುವುದೆಂಬ ಭರವಸೆಯಿಂದ ಅದು ಮುಂದುವರಿಯುತ್ತದೆ. ಆರ್ನಲ್ಡ್ ಹಂಟನು ಈ ಯುಗದ ಉಪದೇಶಕರನ್ನೂ ಶ್ರೋತೃಗಳನ್ನೂ ಕುರಿತು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೇಳುವುದನ್ನು ಆ ಜನ ಅಭ್ಯಾಸದಿಂದ ಕಲಿಯಬೇಕಾದ ಸಕ್ರಿಯ ವಿದ್ಯೆಯೆಂದೇ ಭಾವಿಸಿದರೆಂಬುದನ್ನು ವಿಪುಲವಾದ ಆಧಾರಗಳೊಡನೆ ತೋರಿಸಿದ್ದಾನೆ. ಅದು ಸರ್ವಥಾ ಮಾನ್ಯ. ಆದರೆ ಸಕ್ರಿಯನಾದ ಕೇಳುಗನನ್ನು ಹುಟ್ಟಿಸಿದವರೇ ಆತನ ಕ್ರಿಯೆಗೆ ಗಡಿ ಹಾಕಿದಾಗ ಏನಾಗುವುದೆಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರವನ್ನು ನಾವು ಶ್ರವಣಗ್ರಂಥಗಳಲ್ಲಿ ಹುಡುಕುವುದಕ್ಕಿಂತ ನ್ಯಾಯಾಲಯದ ದಾಖಲೆಯಲ್ಲಿ ಹುಡುಕುವುದು ಮೇಲು.

ಆ್ಯನ್ ಹಚಿನ್‌ಸನ್ ಲಿಂಕನ್‌ಷೈರಿನ ಆಲ್ಫರ್ಡ್ ಎಂಬ ಊರಿನವಳು. 1591ರಲ್ಲಿ ದೀಕ್ಷಾಸ್ನಾನ ಪಡೆದವಳು. 20 ಮೈಲಿಗೂ ಮಿಕ್ಕ ದೂರದಲ್ಲಿದ್ದ ಇಂಗ್ಲೆಂಡಿನ ಬಾಸ್ಟನ್ನಿಗೆ ಹೋಗಿ ಜಾನ್ ಕಾಟನ್ನನ ಪ್ರಸಂಗ ಕೇಳುತ್ತಿದ್ದಳು. ಕಾಟನ್ನನು 1633ರಲ್ಲಿ ಅಮೆರಿಕಕ್ಕೆ ಹೊರಟುಹೋದನು; ಮರುವರ್ಷ ಈಕೆಯೂ ಸಂಸಾರಸಮೇತ ಕಡಲು ದಾಟಿ ಅಲ್ಲಿಯ ಬಾಸ್ಟನ್ನಿಗೆ ಬಂದಳು. ಅಲ್ಲಿ ಹೆಂಗಸರು ಮನೆಗಳಲ್ಲಿ ಸೇರಿ ಪ್ರಸಂಗವನ್ನು ಮೆಲುಕುಹಾಕುವ ರೂಢಿ ಆಗಲೇ ಇತ್ತು. ಆಕೆ ಮೊದಮೊದಲು ಹೋಗದಿದ್ದಾಗ ಗರ್ವಿಷ್ಠೆಯೆಂಬ ಮಾತು ಬಂದಿತಂತೆ. ಆ ಮಾತನ್ನು ತೊಡೆಯಲು ತನ್ನ ಮನೆಯಲ್ಲಿಯೇ ಕೂಟವನ್ನು ಆರಂಭಿಸಿದೆನೆಂದು ಆಕೆ ನ್ಯಾಯಸಭೆಯಲ್ಲಿ ಹೇಳಿದಳು. ಶ್ರವಣಗ್ರಂಥಗಳು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವಳು ಈಕೆ! ಕೂಟ 60-80 ಜನರವರೆಗೆ ಬೆಳೆಯಿತು, ಗಂಡಸರೂ ಬರತೊಡಗಿದರು. ಪ್ರಸಂಗವನ್ನು ಪುನಃ ಹೇಳುವುದರಿಂದ ಅದರ ಮೇಲೆ ಅಭಿಪ್ರಾಯ ಹೇಳುವುದಕ್ಕೆ ದಾಟಲು ಒಂದು ಹೆಜ್ಜೆ ಸಾಕು. ಕಾಟನ್ನನೂ ಆಕೆಯ ನಂಟನಾದ ವೀಲ್‌ರೈಟನೂ ಹೊರತು ಉಳಿದ ಉಪದೇಶಕರು ಕೃಪೆಯ ಒಡಂಬಡಿಕೆಯನ್ನು ಬಿಟ್ಟು ಕ್ರಿಯೆಗಳ ಒಡಂಬಡಿಕೆಯನ್ನು ಸಾರುತ್ತಾರೆ, ಎಂದರೆ ಮನುಷ್ಯನ ಸದಾಚಾರವನ್ನೇ ಆತನ ರಕ್ಷಣೆಗೆ ಸಾಕ್ಷಿಯಾಗಿ ತೋರಿಸುತ್ತಾರೆ, ಎಂಬುದು ಆಕೆಯ ತೀರ್ಪು. ಪ್ಯೂರಿಟನ್ ಪಾದ್ರಿಗೆ ಇದಕ್ಕಿಂತ ಕಟುವಾದ ನಿಂದೆ ಇರಲಾರದು.

1637ನೆಯ ಆಗಸ್ಟ್ 30ರಂದು ನ್ಯೂಟೌನಿನಲ್ಲಿ ಸೇರಿದ ಪಾದ್ರಿಗಳ ಮಹಾಸಭೆಯು ಮಾಡಿದ ನಿರ್ಣಯಗಳನ್ನು ಗವರ್ನರ್ ಜಾನ್ ವಿನ್‌ತ್ರಾಪನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಹೆಂಗಸರು ಕೆಲವರು ಸೇರಿ ಪ್ರಾರ್ಥಿಸಿ ಪರಸ್ಪರ ಹಿತ ಹೇಳಿಕೊಳ್ಳಬಹುದು. ಆದರೆ 60 ಜನ ನೆರೆದು ಒಬ್ಬಳೇ ಸಿದ್ಧಾಂತದ ಪ್ರಶ್ನೆಗಳನ್ನು ಬಗೆಹರಿಸುತ್ತ ಶಾಸ್ತ್ರವನ್ನು ವ್ಯಾಖ್ಯಾನಿಸುವುದು ಕ್ರಮವಲ್ಲ. ಪ್ರಸಂಗ ಮುಗಿದಮೇಲೆ ಸಭಿಕನು ತಿಳಿವಳಿಕೆಗಾಗಿ ಪ್ರಶ್ನೆ ಕೇಳಬಹುದು, ಅದೂ ಹಿರಿಯರ ಅನುಮತಿಯಿಂದ, ಮಿತವಾಗಿ. ಬೋಧೆಯನ್ನೇ ಖಂಡಿಸಿ ಹಿರಿಯರನ್ನು ಹೀಯಾಳಿಸುವ ಪ್ರಶ್ನೆ ಸಲ್ಲದು. ನಮಗೆ ಈ ನಿರ್ಣಯವೇ ಶ್ರವಣಗ್ರಂಥಗಳಲ್ಲಿ ಬಿಟ್ಟುಹೋಗಿದ್ದ ಅಧ್ಯಾಯವಾಗಿ ಕಾಣುತ್ತದೆ. ಪರೀಕ್ಷೆಯ ಹಕ್ಕನ್ನು ಅದು ಹಿಂದಕ್ಕೆ ಪಡೆಯುವುದಿಲ್ಲ. ಪರೀಕ್ಷೆಯ ಫಲವು ಅನುಕೂಲವಾಗಿದ್ದರೆ ಮಾತ್ರ ಬಾಯಿ ತೆರೆಯಬಹುದೆನ್ನುತ್ತದೆ.

ನವೆಂಬರಿನಲ್ಲಿ ನಡೆದ ವಿಚಾರಣೆಯ ದಾಖಲೆಯನ್ನು ಆಕೆಯ ವಂಶದವನೇ ಆದ ಥಾಮಸ್ ಹಚಿನ್‌ಸನ್ನನು 1767ರಲ್ಲಿ ತನ್ನ ಇತಿಹಾಸಗ್ರಂಥದ ಅನುಬಂಧವಾಗಿ ಅಚ್ಚು ಮಾಡಿಸಿದ್ದರಿಂದ ಅದು ನಮಗೆ ಲಭ್ಯವಾಗಿದೆ. ಅಂದು 46 ವರ್ಷದವಳಾಗಿದ್ದ ಆಕೆ ಕೂಟಕ್ಕೆ ಆಧಾರವಾಗಿ ತೀತನಿಗೆ ಬರೆದ ಪತ್ರಿಕೆಯನ್ನು ಎತ್ತಿದಳು. ಹಿರಿಯ ಹೆಂಗಸರು ಕಿರಿಯರಿಗೆ ಬುದ್ಧಿಹೇಳಬೇಕೆಂಬ ವಿಧಿ ಅಲ್ಲಿದೆ. ಗವರ್ನರನಲ್ಲಿ ಅದಕ್ಕೆ ಒಳ್ಳೆಯ ಉತ್ತರವಿರಲಿಲ್ಲವೆಂದೇ ಹೇಳಬೇಕು. ಆದರೆ ಇಡೀ ವಿಚಾರಣೆಯಲ್ಲಿ ಇತಿಹಾಸದ ವಿದ್ಯಾರ್ಥಿ ಹೆಚ್ಚು ಗಮನಿಸಬೇಕಾದುದು ಮತ್ತೊಂದು. ಹಿಂದಿನ ವರ್ಷ ಪಾದ್ರಿಗಳು ಆಕೆಯನ್ನು ಖಾಸಗಿಯಾಗಿ ಕರೆದು ಮಾತನಾಡಿಸಿದ್ದರು. ಆಗ ಆಕೆ ಆಡಿದಳೆನ್ನಲಾದ ಮಾತುಗಳೇ ಈಗ ಸಾಕ್ಷ್ಯ. ಮೊದಲ ದಿನ ಕಳೆದು ಮನೆಗೆ ಹೋಗಿ, ಆ ಸಂದರ್ಭದಲ್ಲಿ ಪಾದ್ರಿ ವಿಲ್ಸನ್ನನು ಬರೆದುಕೊಂಡಿದ್ದ ಟಿಪ್ಪಣಿಯನ್ನು ನೋಡಿದೆನೆಂದೂ, ಪಾದ್ರಿಗಳು ಹೇಳಿದಂತೆ ಅದರಲ್ಲಿ ಇಲ್ಲವೆಂದೂ, ಅವರು ಪ್ರಮಾಣ ಮಾಡಿ ಸಾಕ್ಷಿ ಹೇಳಲೆಂದೂ ಆಕೆ ಎರಡನೆಯ ದಿನ ಕೇಳಿದಳು. ವಿಲ್ಸನ್ನನು ತನ್ನ ಪ್ರತಿ ಸ್ವಲ್ಪ ಅಪೂರ್ಣವೆಂದು ಒಪ್ಪಿಕೊಂಡನು. ಕಾಟನ್ನನ ನೆನಪು ಉಳಿದವರ ನೆನಪಿಗೆ ಸರಿಹೊಂದಲಿಲ್ಲ. ಇಲ್ಲಿ ಪಾತ್ರಗಳು ಅದಲುಬದಲಾಗಿವೆ: ಮಾತನಾಡಿದವಳು ಆಕೆ, ಕೇಳಿದವರು ಉಪದೇಶಕರು. ತಾವು ಜನಕ್ಕೆ ಬೋಧಿಸಿದ್ದ ಶ್ರವಣವಿದ್ಯೆಯಲ್ಲಿ ಅವರೇ ತೇರ್ಗಡೆಯಾದರೆಂದು ನಾವು ಹೇಳಲಾರೆವು.

ಹೀಗೆಂದ ಮಾತ್ರಕ್ಕೆ ಆಕೆಯ ಪಕ್ಷವೆಲ್ಲ ಸರಿಯೆಂದು ನಮ್ಮ ಮತವಲ್ಲ. ಆಕೆಯನ್ನು ಬರಿಯ ಸ್ವಾತಂತ್ರ್ಯದೇವತೆಯಾಗಿ ಚಿತ್ರಿಸುವವರು ಆಕೆಯ ಕೇಳುವಿಕೆಯಲ್ಲಿಯೂ ದೋಷವಿದ್ದುದನ್ನು ಮರೆಯುತ್ತಾರೆ. ಪೌಲ, ಅಪೊಲ್ಲೋಸ ಎಂದು ಗುರುಗಳ ಹೆಸರಿನಲ್ಲಿ ಪಂಗಡ ಕಟ್ಟುವುದು ಕೊರಿಂಥದಷ್ಟು ಹಳೆಯ ರೋಗ. ಆಕೆಯೂ ಪ್ರಸಂಗವನ್ನು ತೂಗುವ ಬದಲು ಪಾದ್ರಿಯನ್ನೇ ತೂಗತೊಡಗಿದ್ದಳು. ವಿಚಾರಣೆಯ ಎರಡನೆಯ ದಿನ, ನಿಜವಾದ ಉಪದೇಶಕನಾರೆಂಬುದು ಆತ್ಮನ ನೇರವಾದ ಪ್ರಕಟಣೆಯಿಂದ ತನಗೆ ತಿಳಿಯಿತೆಂದು ಆಕೆ ಘೋಷಿಸಿದಳು. ಬೆರೋಯದವರ ಬಳಿ ಇದ್ದುದು ಎಲ್ಲರೂ ಬಿಚ್ಚಿ ನೋಡಬಹುದಾದ ಗ್ರಂಥ. ಅದನ್ನು ಬಿಟ್ಟು ತನಗೊಬ್ಬಳಿಗೇ ಕೇಳುವ ಧ್ವನಿಯನ್ನು ಅಳತೆಗೋಲು ಮಾಡಿಕೊಂಡರೆ ವಾದಕ್ಕೆ ಎಡೆಯೇ ಉಳಿಯದು. ನ್ಯಾಯಾಧೀಶರಿಗೆ ಬೇಕಾಗಿದ್ದುದೂ ಅದೇ. ದೇಶಭ್ರಷ್ಟತೆಯ ಶಿಕ್ಷೆಯಾಯಿತು, 1638ರ ಮಾರ್ಚಿನಲ್ಲಿ ಸಭೆಯಿಂದಲೂ ಬಹಿಷ್ಕೃತಳಾಗಿ ರೋಡ್ ಐಲೆಂಡಿಗೆ ಹೋದಳು, 1643ರಲ್ಲಿ ಡಚ್ಚರ ಸೀಮೆಯಲ್ಲಿ ಮೂಲನಿವಾಸಿಗಳ ಆಕ್ರಮಣದಲ್ಲಿ ಮಡಿದಳು. ಗಡೀಪಾರಿನ ಆಜ್ಞೆಯನ್ನು ಮ್ಯಾಸಚೂಸೆಟ್ಸಿನ ಗವರ್ನರು ರದ್ದು ಮಾಡಿದ್ದು 1987ರಲ್ಲಿ. ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ: ಆಕೆಯ ತೂಕಕ್ಕೆ ಸಭೆಯಲ್ಲಿ ಬಹಿರಂಗವಾದ ಸ್ಥಾನವಿದ್ದಿದ್ದರೆ ಆಕೆ ಒಳಗಿನ ಧ್ವನಿಯನ್ನು ಸಾಕ್ಷಿಗೆ ಕರೆಯಬೇಕಾಗುತ್ತಿತ್ತೇ?

ಇದೇ ತೊಡಕನ್ನು ಜರ್ಮನರು ಬೇರೊಂದು ರೀತಿಯಲ್ಲಿ ಬಿಡಿಸಲು ಯತ್ನಿಸಿದರು. ಫಿಲಿಪ್ ಸ್ಪೇನರನು 1670ರಲ್ಲಿ ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿಯೇ ಭಕ್ತಕೂಟವನ್ನು ತೆರೆದನು. ಪೀಠದವನ ಜೊತೆಗೆ ಉಳಿದವರೂ ಮಾತನಾಡುವ ಸಭೆಗಳು ಬೇಕೆಂದು 1675ರ ತನ್ನ ಗ್ರಂಥದಲ್ಲಿ ವಾದಿಸಿದನು. ವ್ಯುರ್ಟೆಂಬರ್ಗ್ ಸಂಸ್ಥಾನವು 1743ರ ಆಜ್ಞೆಯಿಂದ ಇಂಥ ಕೂಟಗಳಿಗೆ ಪಾದ್ರಿಯ ಮೇಲ್ವಿಚಾರಣೆಯ ಷರತ್ತಿನ ಮೇಲೆ ಎಡೆಗೊಟ್ಟಿತು. ಕಟ್ಟುಪಾಡು ಇಲ್ಲಿಯೂ ಇದೆ. ಆದರೆ ಕೇಳುಗನಿಗೆ ಕಾನೂನಿನೊಳಗೆ ಒಂದು ಕೋಣೆ ದೊರೆಯಿತು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ಬೇರುಗಳು ಈ ಭಕ್ತಿಪಂಥದಲ್ಲಿಯೇ ಇವೆ, ಹೆರ್ಮನ್ ಮ್ಯೋಗ್ಲಿಂಗನು ವ್ಯುರ್ಟೆಂಬರ್ಗಿನಲ್ಲಿಯೇ ಹುಟ್ಟಿದವನು ಎಂಬುದನ್ನು ನೆನೆದರೆ, ಕರಾವಳಿಯ ಸಭೆಗಳ ಚರಿತ್ರೆಯನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಮಿಷನರಿಗಳ ವರದಿಗಳ ಜೊತೆಗೆ ಕನ್ನಡ ಕೇಳುಗರ ಕೈಬರಹಗಳನ್ನೂ ಅರಸಬೇಕೆಂದು ನಾವು ಸೂಚಿಸುತ್ತೇವೆ.

ಬಾಸ್ಟನ್ನಿನಲ್ಲಿ ಹಚಿನ್‌ಸನ್ನಳ ಕಾಲದಲ್ಲಿಯೇ ಇನ್ನೊಬ್ಬ ಕೇಳುಗನಿದ್ದನು. ರಾಬರ್ಟ್ ಕೇನ್ ಎಂಬ ಈ ವರ್ತಕನು ಕಾಟನ್ನನ ಪ್ರಸಂಗಗಳನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದವನು. ಆತನ ಟಿಪ್ಪಣಿ ಪುಸ್ತಕಗಳು ಇಂದಿಗೂ ಮ್ಯಾಸಚೂಸೆಟ್ಸ್ ಇತಿಹಾಸ ಸಂಘದಲ್ಲಿವೆ. ಮೊಳೆ, ಗುಂಡಿ ಮೊದಲಾದ ಸಾಮಾನುಗಳನ್ನು ಮಿತಿಮೀರಿದ ಬೆಲೆಗೆ ಮಾರಿದನೆಂದು 1639ರಲ್ಲಿ ಆತನ ಮೇಲೆ ದೂರು ಬಂದು ನ್ಯಾಯಸಭೆ 200 ಪೌಂಡು ದಂಡ ವಿಧಿಸಿ, ಅನಂತರ 80ಕ್ಕೆ ಇಳಿಸಿತು. ಆತನು ಕಣ್ಣೀರಿಟ್ಟು ತಪ್ಪೊಪ್ಪಿಕೊಂಡನು. ಆಮೇಲೆ ಕಾಟನ್ನನು ಈ ಸಂದರ್ಭವನ್ನೇ ಹಿಡಿದು, ಸಾಧ್ಯವಾದಷ್ಟು ಅಗ್ಗಕ್ಕೆ ಕೊಂಡು ಸಾಧ್ಯವಾದಷ್ಟು ತುಟ್ಟಿಗೆ ಮಾರಬಹುದೆಂಬ ವ್ಯಾಪಾರನೀತಿ ಸುಳ್ಳೆಂದು ಬಹಿರಂಗವಾಗಿ ಉಪದೇಶಿಸಿದನು. ಖಂಡನೆಯನ್ನು ತನಗೇ ಹಚ್ಚಿಕೊಳ್ಳಬೇಕೆಂಬ ಶ್ರವಣವಿಧಿಯನ್ನು ಪಾಲಿಸಲು ಇದಕ್ಕಿಂತ ಸ್ಪಷ್ಟವಾದ ಅವಕಾಶ ಯಾವ ಕೇಳುಗನಿಗೂ ಸಿಕ್ಕಿರಲಾರದು. ಆತನು ಅಂದು ಎದ್ದು ಪ್ರಶ್ನೆ ಕೇಳಲಿಲ್ಲ. 14 ವರ್ಷಗಳ ಅನಂತರ, 1653ರಲ್ಲಿ, ತನ್ನ ಕೈಯಾರೆ ಮರಣಶಾಸನವನ್ನು ಬರೆಯಲು ಕುಳಿತಾಗ ಆ ಮೊಳೆಗಳ ತೂಕ, ಬೆಲೆ, ಗಿರಾಕಿಯ ನಡತೆ ಎಲ್ಲವನ್ನೂ ಎತ್ತಿ ತಾನು ನಿರಪರಾಧಿಯೆಂದು ವಾದಿಸಿದನು. ಶಾಸನ 150 ಪುಟಗಳನ್ನು ಮೀರಿತು. ಅದರಲ್ಲಿಯೇ ಬಾಸ್ಟನ್ನಿಗೊಂದು ಪುರಭವನವನ್ನು ಕಟ್ಟಲು 300 ಪೌಂಡುಗಳನ್ನು ಬಿಟ್ಟನು. ತಾನು ಬರೆದಿಟ್ಟಿದ್ದ ಸತ್ಯವೇದ ವ್ಯಾಖ್ಯಾನದ ದೊಡ್ಡ ಪುಸ್ತಕಗಳನ್ನು ಮಗನಿಗೆ ಬಿಟ್ಟನು.